ನಲ್ಲಿಯ ತುದಿಯಲ್ಲೊಂದು ಕಾನೂನು: 1872ರ ಲಂಡನ್‌ನಿಂದ 2024ರ ಬೆಂಗಳೂರಿನವರೆಗೆ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಿದ್ರೆ ಅನುಕೂಲವೇ ಆಯ್ತು, ಇವತ್ತಿನ ವಿಷಯ ನಿಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಸಿಂಕ್ ಮೇಲಿನ ನಲ್ಲಿಯ ತುದಿಯನ್ನು ಕೆಳಗಿನಿಂದ ಒಮ್ಮೆ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಲರಿ ಕಾಣ್ತಿದೆಯಾ? ಅದೇ ಏರಿಯೇಟರ್. ನೀರಿಗೆ ಗಾಳಿ ಬೆರೆಸಿ, ಕಡಿಮೆ ನೀರನ್ನೇ ತುಂಬು ಧಾರೆಯ ಹಾಗೆ ಬೀಳಿಸುವ ಸಣ್ಣ ಸಾಧನ.

2024ರ ಮಾರ್ಚ್‌ನಲ್ಲಿ ಈ ಜಾಲರಿಗಾಗಿಯೇ ಬೆಂಗಳೂರಿನಲ್ಲಿ ಒಂದು ಆದೇಶ ಬಂತು. ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡ, ಸಾರ್ವಜನಿಕ ಜಾಗ, ಇಲ್ಲೆಲ್ಲ ನಲ್ಲಿಗಳಿಗೆ ಏರಿಯೇಟರ್ ಹಾಕಲೇಬೇಕು ಅಂತ ಜಲಮಂಡಳಿ ಹೇಳಿತು. ಮೊದಲ ಗಡುವು ಮಾರ್ಚ್ 31. ಆಮೇಲೆ ಅದನ್ನು ಕೆಲವು ದಿನ ಮುಂದಕ್ಕೆ ಹಾಕಿದರು. ಹಾಕದಿದ್ದರೆ ನೀರು ಪೂರೈಕೆಯನ್ನು ಅರ್ಧಕ್ಕೆ ಇಳಿಸುತ್ತೇವೆ ಅನ್ನೋ ಎಚ್ಚರಿಕೆಯೂ ಬಂತು. ಆ ತಿಂಗಳು ನೆನಪಿದೆಯಲ್ಲ? ಟ್ಯಾಂಕರ್‌ಗೆ ಕಾಯುವುದು, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಮೆಸೇಜು, ಕಾಗದದ ತಟ್ಟೆಯಲ್ಲಿ ಊಟ.

ಆಗ ತುಂಬಾ ಜನ ಕೇಳಿದ ಪ್ರಶ್ನೆ ಒಂದೇ. ನಮ್ಮನೆ ನಲ್ಲಿಗೆ ಏನು ಹಾಕಬೇಕು ಅಂತ ಹೇಳೋಕೆ ಇವರು ಯಾರು? ನ್ಯಾಯವಾದ ಪ್ರಶ್ನೆಯೇ. ಆದರೆ ಈ ಪ್ರಶ್ನೆಗೆ ಸುಮಾರು 150 ವರ್ಷ ವಯಸ್ಸಾಗಿದೆ. ಬೇರೆ ಬೇರೆ ಊರುಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಕೆಲವು ಗೆದ್ದವು, ಕೆಲವು ಒದ್ದಾಡಿದವು. ನಾನು ಓದಿದ್ದು ಬಿ.ಕಾಂ. ಇಂಜಿನಿಯರ್ ಅಲ್ಲ, ಹಾಗಾಗಿ ನಾನು ಈ ಇತಿಹಾಸವನ್ನು ನೋಡೋದು ಲೆಕ್ಕದ ಪುಸ್ತಕದ ಕಡೆಯಿಂದ: ಖರ್ಚು ಯಾರದ್ದು, ಲಾಭ ಯಾರದ್ದು?

ಮೊದಲು ನಮ್ಮೂರಿನ ಹಿನ್ನೆಲೆ. ಒಂದು ಊರಿಗೆ ನೀರು ಸಾಲದೇ ಹೋದಾಗ ಎರಡು ದಾರಿ ಇರುತ್ತವೆ. ಇನ್ನೂ ದೂರದಿಂದ ತರೋದು, ಇಲ್ಲ ಬಂದದ್ದರಲ್ಲೇ ಉಳಿಸೋದು. ಬೆಂಗಳೂರು ನೂರು ವರ್ಷಕ್ಕೂ ಹೆಚ್ಚು ಕಾಲ ಮೊದಲನೇ ದಾರಿಯನ್ನೇ ಹಿಡಿಯಿತು. ಕೆರೆ, ಬಾವಿ, ಕಲ್ಯಾಣಿ ಸಾಲದಾದಾಗ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅರ್ಕಾವತಿ ನದಿಯ ನೀರು, ಸುಮಾರು 20 ಕಿಲೋಮೀಟರ್ ದೂರ. ಅದೂ ಸಾಲದಾಯ್ತು. 1933ರಲ್ಲಿ ಅದೇ ಅರ್ಕಾವತಿಯ ಕೆಳಭಾಗದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಅದೂ ಸಾಲದಾಯ್ತು. 1964ರಲ್ಲಿ ಕಾಯ್ದೆ ಮಾಡಿ ಜಲಮಂಡಳಿ ಕಟ್ಟಿದರು, 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ. ಆಮೇಲೆ ಎರಡನೇ ಹಂತ, ಮೂರನೇ ಹಂತ, ನಾಲ್ಕನೇ ಹಂತ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳ ಪ್ರದೇಶಕ್ಕೆ.

ಈ ದಾರಿಗೆ ಒಂದು ಕೊನೆ ಇದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಾಗ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಸಿಕ್ಕಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅಂದರೆ ನಮ್ಮ ಪಾಲು ಎಷ್ಟು ಅಂತ ಬರೆದಿಟ್ಟಾಗಿದೆ. ಪೈಪ್ ಎಷ್ಟು ಉದ್ದ ಎಳೆದರೂ ನದಿ ಉದ್ದ ಆಗಲ್ಲ.

2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಕೇಳಿ. ಊರಿಗೆ ದಿನಕ್ಕೆ 260 ಕೋಟಿ ಲೀಟರ್ ಬೇಕು. ಕೊರತೆ 50 ಕೋಟಿ ಲೀಟರ್. ಸರ್ಕಾರಿ ಕೊಳವೆಬಾವಿಗಳು 14,000, ಅದರಲ್ಲಿ 6,900 ಬತ್ತಿಹೋಗಿವೆ. ಆ ಪರಿಸ್ಥಿತಿಯಲ್ಲಿ ಆಡಳಿತದ ಕಣ್ಣು ಕೊನೆಗೂ ಎರಡನೇ ದಾರಿಯ ಕಡೆ ತಿರುಗಿತು. ನಲ್ಲಿಯ ತುದಿಯ ಕಡೆ.

ಇದೇ ತಿರುವು ಲಂಡನ್‌ನಲ್ಲಿ 1870ರ ದಶಕದಲ್ಲೇ ಬಂದಿತ್ತು. ಆಗ ಅಲ್ಲಿ ನೀರು ಕೊಡ್ತಿದ್ದದ್ದು ಖಾಸಗಿ ಕಂಪನಿಗಳು. ಬಡವರ ಬೀದಿಗಳಿಗೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರು. ಜನ ಅದನ್ನ ಪೀಪಾಯಿ, ತೊಟ್ಟಿಗಳಲ್ಲಿ ತುಂಬಿಡ್ತಿದ್ದರು. ನಮ್ಮ ಡ್ರಮ್ಮು, ಸಂಪು, ಸಿಂಟೆಕ್ಸ್ ಇದ್ದ ಹಾಗೆಯೇ. 1866ರಲ್ಲಿ ಪೂರ್ವ ಲಂಡನ್‌ನಲ್ಲಿ ಕಾಲರಾ ಬಂತು, ಸಾವಿರಾರು ಜನ ಸತ್ತರು. ದಿನದ 24 ಗಂಟೆ ಶುದ್ಧ ನೀರು ಕೊಡಿ ಅನ್ನೋ ಒತ್ತಾಯ ಜೋರಾಯ್ತು.

ಕಂಪನಿಗಳು ಹೇಳಿದ ಮಾತೇನು ಗೊತ್ತಾ? 24 ಗಂಟೆ ಕೊಡ್ತೀವಿ, ಆದರೆ ನಿಮ್ಮ ಮನೆ ನಲ್ಲಿ, ಫ್ಲಶ್ ಎಲ್ಲ ಸೋರುತ್ತವೆ, ನೀರೆಲ್ಲ ಚರಂಡಿ ಪಾಲಾಗುತ್ತೆ. ಇದರ ಮಧ್ಯೆ ಒಂದು ಒಪ್ಪಂದದಂಥ ಕಾನೂನು ಬಂತು: 1871ರ ಮೆಟ್ರೊಪೊಲಿಸ್ ವಾಟರ್ ಆಕ್ಟ್. ಕಂಪನಿ ನಿರಂತರ ನೀರು ಕೊಡಬೇಕು, ಮನೆಯವರು ನಿಯಮದ ಪ್ರಕಾರದ ಫಿಟ್ಟಿಂಗ್ಸ್ ಹಾಕಬೇಕು. ಅದರಡಿ 1872ರಲ್ಲಿ ಬಂದ ನಿಯಮಾವಳಿಯ ಪ್ರಕಾರ ಶೌಚಾಲಯದ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ 2 ಗ್ಯಾಲನ್‌ಗಿಂತ, ಅಂದರೆ ಸುಮಾರು 9 ಲೀಟರ್‌ಗಿಂತ ಹೆಚ್ಚು ನೀರು ಬಿಡುವ ಹಾಗಿಲ್ಲ.

ಆ ಟ್ಯಾಂಕಿಗೆ ಅಲ್ಲಿಯ ಜನ ಇಟ್ಟ ಹೆಸರೇ 'ವಾಟರ್ ವೇಸ್ಟ್ ಪ್ರಿವೆಂಟರ್', ಅಂದರೆ ನೀರು ಪೋಲು ತಡೆಯುವ ಸಾಧನ. ಇವತ್ತು ನಾವು ಫ್ಲಶ್ ಟ್ಯಾಂಕ್ ಅಂದ್ರೆ ನೀರು ಸುರಿಯೋ ಪೆಟ್ಟಿಗೆ ಅಂದ್ಕೊಂಡಿದ್ದೀವಿ. ಲಂಡನ್‌ನಲ್ಲಿ ಅದು ಅಳತೆ ಮೀರದಂತೆ ನೀರು ಬಿಡಲು ಹುಟ್ಟಿದ ಪೆಟ್ಟಿಗೆ. ಬರೀ ವಾಲ್ವ್ ತೆರೆದಿಟ್ಟರೆ ನೀರು ಹರೀತಾನೇ ಇರುತ್ತೆ, ಪೆಟ್ಟಿಗೆ ಇದ್ದರೆ ಅದರಲ್ಲಿ ಇರೋಷ್ಟೇ ಹೋಗುತ್ತೆ. ಸರಳ ಯೋಚನೆ. ಬ್ರಿಟನ್ ಈ ಅಳತೆಯನ್ನು ನಿಧಾನವಾಗಿ ಇಳಿಸುತ್ತಾ ಬಂತು: 1993ರಲ್ಲಿ 7.5 ಲೀಟರ್, 2001ರಿಂದ 6 ಲೀಟರ್.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಲಂಡನ್ ನಿಯಮ ಬರೀ 'ನೀರು ಉಳಿಸಿ' ಅಂತ ಬುದ್ಧಿ ಹೇಳಲಿಲ್ಲ. ಅದು ಕೊಡು-ಕೊಳ್ಳುವ ವ್ಯವಹಾರ. ನೀನು ನಲ್ಲಿ ಸರಿಮಾಡ್ಕೋ, ನಾನು ದಿನವಿಡೀ ನೀರು ಕೊಡ್ತೀನಿ. ಎರಡೂ ಕಡೆಗೆ ಏನೋ ಸಿಕ್ಕಿತು.

ಈಗ ಅಲ್ಲಿಂದ ನೂರು ವರ್ಷ ಮುಂದೆ, ಆಸ್ಟ್ರೇಲಿಯಾಗೆ ಬನ್ನಿ. ಜಗತ್ತಿನಲ್ಲಿ ಜನವಸತಿ ಇರುವ ಅತಿ ಒಣ ಖಂಡ ಅದು. 1980ರಲ್ಲಿ ಕರೋಮಾ ಅನ್ನೋ ಕಂಪನಿಯ ಬ್ರೂಸ್ ಥಾಂಪ್ಸನ್ ಎಂಬ ವಿನ್ಯಾಸಗಾರ ಎರಡು ಬಟನ್ ಇರುವ ಫ್ಲಶ್ ಟ್ಯಾಂಕ್ ಮಾಡಿದರು. ದೊಡ್ಡ ಬಟನ್ 11 ಲೀಟರ್, ಸಣ್ಣದು 5.5 ಲೀಟರ್. ಮಾಲ್‌ನಲ್ಲಿ, ಆಫೀಸಲ್ಲಿ, ಹೊಸ ಅಪಾರ್ಟ್‌ಮೆಂಟಲ್ಲಿ ನೀವು ಒತ್ತುವ ಎರಡು ಬಟನ್‌ಗಳ ಮೂಲ ಇದು. ವಿಕ್ಟೋರಿಯಾ ರಾಜ್ಯ 1984ರಲ್ಲಿ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಮುಂದೆ ಅಳತೆ 6 ಮತ್ತು 3 ಲೀಟರ್‌ಗೆ ಇಳಿಯಿತು. 2005ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಬಂತು: ನಲ್ಲಿ, ಶವರ್, ಟಾಯ್ಲೆಟ್, ವಾಷಿಂಗ್ ಮೆಷಿನ್ ಮಾರಬೇಕಾದರೆ ಎಷ್ಟು ನೀರು ಬಳಸುತ್ತೆ ಅಂತ ಸ್ಟಾರ್ ಹಾಕಿ ಲೇಬಲ್ ಅಂಟಿಸಬೇಕು.

ಇದರಲ್ಲಿ ಒಂದು ಜಾಣತನ ಇದೆ. ನಿಯಮ ಯಾರ ಮನೆ ಬಾಗಿಲನ್ನೂ ತಟ್ಟಲಿಲ್ಲ. ಹೊಸ ಕಟ್ಟಡ ಕಟ್ಟುವವನ ಹತ್ತಿರ ಹೋಯ್ತು, ಅಂಗಡಿಯ ಶೆಲ್ಫ್‌ಗೆ ಹೋಯ್ತು. ಹಳೇ ಮನೆಯವರಿಗೆ ತೊಂದರೆ ಇಲ್ಲ. ಆದರೆ ಅವರ ಹಳೇ ಟ್ಯಾಂಕ್ ಕೆಟ್ಟಾಗ ಅಂಗಡಿಯಲ್ಲಿ ಸಿಗೋದೇ ಹೊಸದು. ಹದಿನೈದು, ಇಪ್ಪತ್ತು ವರ್ಷದಲ್ಲಿ ಊರು ಸದ್ದಿಲ್ಲದೆ ಬದಲಾಗುತ್ತೆ.

ಎಲ್ಲಾ ಕಡೆ ಹೀಗೆ ಸುಸೂತ್ರವಾಗಿ ನಡೀತಾ? ಇಲ್ಲ. ಅಮೆರಿಕದ ಕಥೆ ಕೇಳಿ, ತಮಾಷೆಯೂ ಇದೆ, ಪಾಠವೂ ಇದೆ.

ಅಮೆರಿಕದ ಹಳೇ ಟಾಯ್ಲೆಟ್‌ಗಳು ಒಂದು ಫ್ಲಶ್‌ಗೆ 13 ಲೀಟರ್, ಇನ್ನೂ ಹಳೆಯವು 19 ಲೀಟರ್‌ವರೆಗೆ ಕುಡೀತಿದ್ದವು. ಮೊದಲು ರಾಜ್ಯಗಳು, ನಗರಗಳು ತಮ್ಮದೇ ನಿಯಮ ಮಾಡಿದವು. ಮ್ಯಾಸಚೂಸೆಟ್ಸ್ ರಾಜ್ಯ 1980ರ ದಶಕದ ಕೊನೆಗೇ 6 ಲೀಟರ್ ಮಿತಿ ತಂತು. ಒಂದೊಂದು ಊರಿಗೆ ಒಂದೊಂದು ನಿಯಮ ಆದರೆ ತಯಾರಕರಿಗೆ ತಲೆನೋವು, ಹಾಗಾಗಿ ದೇಶಕ್ಕೆಲ್ಲ ಒಂದೇ ನಿಯಮ ಬಂತು. 1992ರ ಎನರ್ಜಿ ಪಾಲಿಸಿ ಆಕ್ಟ್. 1994ರ ಜನವರಿಯಿಂದ ಮನೆಗೆ ಮಾಡುವ ಹೊಸ ಟಾಯ್ಲೆಟ್ 1.6 ಗ್ಯಾಲನ್ ಮೀರಬಾರದು, ಅಂದರೆ 6 ಲೀಟರ್. ಶವರ್ ನಿಮಿಷಕ್ಕೆ ಸುಮಾರು 9.5 ಲೀಟರ್ ಮೀರಬಾರದು.

ಎಡವಟ್ಟಾಗಿದ್ದು ಎಲ್ಲಿ? ಹಲವು ತಯಾರಕರು ಹಳೇ ಕಮೋಡ್ ಆಕಾರವನ್ನು ಹಾಗೇ ಇಟ್ಟು, ಟ್ಯಾಂಕಿನ ನೀರನ್ನು ಮಾತ್ರ ಕಡಿಮೆ ಮಾಡಿದರು. 13 ಲೀಟರ್‌ಗೆ ಅಂತ ಮಾಡಿದ ಬೋಗುಣಿ 6 ಲೀಟರಲ್ಲಿ ಹೇಗೆ ಸ್ವಚ್ಛ ಆಗುತ್ತೆ? ಜನ ಎರಡು ಸಲ, ಮೂರು ಸಲ ಫ್ಲಶ್ ಮಾಡತೊಡಗಿದರು. ಕಟ್ಟಿಕೊಳ್ಳೋದು ಬೇರೆ. ಕೆನಡಾದಿಂದ ಹಳೇ ದೊಡ್ಡ ಟಾಯ್ಲೆಟ್‌ಗಳನ್ನು ಗಡಿ ದಾಟಿಸಿ ತಂದವರೂ ಇದ್ದರು! 1999ರಲ್ಲಿ ಮಿಷಿಗನ್‌ನ ಸಂಸದ ಜೋ ನೋಲೆನ್‌ಬರ್ಗ್ ಈ ನಿಯಮವನ್ನೇ ರದ್ದು ಮಾಡಿ ಅಂತ ಮಸೂದೆ ಹಿಡಿದು ಓಡಾಡಿದರು. ಅದು ಪಾಸಾಗಲಿಲ್ಲ. ಆದರೆ ಆ ಸಿಟ್ಟು ಎಷ್ಟು ಆಳವಾಗಿತ್ತು ಅಂದ್ರೆ, 2019ರಲ್ಲೂ ಟ್ರಂಪ್ ಜನ ಹತ್ತು ಹದಿನೈದು ಸಲ ಫ್ಲಶ್ ಮಾಡಬೇಕಾಗಿದೆ ಅಂತ ದೂರಿದರು. 2025ರ ಏಪ್ರಿಲ್‌ನಲ್ಲಿ ಶವರ್ ನಿಯಮದ ಮೇಲೇ ಒಂದು ಅಧ್ಯಕ್ಷೀಯ ಆದೇಶ ಹೊರಟಿತು.

ಸರಿಹೋಗಿದ್ದು ಹೇಗೆ? ಒಂದು, ಪರೀಕ್ಷೆ. 2003ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ 'ಮ್ಯಾಪ್' ಅನ್ನೋ ಸ್ವತಂತ್ರ ಪರೀಕ್ಷೆ ಶುರುವಾಯ್ತು. ಸೋಯಾಬೀನ್ ಹಿಟ್ಟಿನ ಮುದ್ದೆ ಮಾಡಿ, ಟಾಯ್ಲೆಟ್‌ಗೆ ಹಾಕಿ, ಒಂದು ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತೆ ಅಂತ ನೋಡೋದು. ನಗಬೇಡಿ, ಊಟ ಮಾಡ್ತಿದ್ರೆ ಕ್ಷಮಿಸಿ. ಯಾವ ಮಾಡೆಲ್ ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ಪಟ್ಟಿ ಎಲ್ಲರಿಗೂ ಸಿಕ್ಕಿತು. ತಯಾರಕರು ಒಳಗಿನ ವಿನ್ಯಾಸವನ್ನೇ ಬದಲಿಸಿದರು. ಮುಂದೆ 4.8 ಲೀಟರ್‌ನಲ್ಲೇ ಚೆನ್ನಾಗಿ ಕೆಲಸ ಮಾಡುವ ಟಾಯ್ಲೆಟ್‌ಗಳು ಬಂದವು.

ಎರಡು, ದುಡ್ಡು. ನ್ಯೂಯಾರ್ಕ್ ನಗರ 1994ರಿಂದ 1997ರವರೆಗೆ ಹಳೇ ಟಾಯ್ಲೆಟ್ ಬದಲಿಸಿದ ಕಟ್ಟಡ ಮಾಲೀಕರಿಗೆ ನಗದು ವಾಪಸ್ ಕೊಟ್ಟಿತು. ಮೊದಲನೆಯದಕ್ಕೆ 240 ಡಾಲರ್‌ವರೆಗೆ. ಸುಮಾರು 13 ಲಕ್ಷ ಟಾಯ್ಲೆಟ್ ಬದಲಾದವು. ನಗರಕ್ಕೆ ಯಾಕೆ ಈ ಧಾರಾಳ? ಧಾರಾಳ ಅಲ್ಲ ಸ್ವಾಮಿ, ವ್ಯಾಪಾರ. ಹೊಸ ನೀರಿನ ಮೂಲ ಹುಡುಕಿ, ಹೊಸ ಕೊಳಚೆ ಶುದ್ಧೀಕರಣ ಘಟಕ ಕಟ್ಟೋದಕ್ಕಿಂತ ಜನರ ಟಾಯ್ಲೆಟ್‌ಗೆ ದುಡ್ಡು ಕೊಡೋದು ಅಗ್ಗ. ಅದೇ ವರ್ಷಗಳಲ್ಲಿ ನಗರ ಮನೆಗಳಿಗೆ ಮೀಟರ್ ಹಾಕುವ ಕೆಲಸವನ್ನೂ ನಡೆಸ್ತಿತ್ತು.

ಇಷ್ಟೂ ಕಥೆಯಿಂದ ನನಗೆ ಕಾಣುವ ಸೂತ್ರ ಒಂದೇ. ಉಳಿಸುವ ನಲ್ಲಿ ಗೆಲ್ಲಬೇಕಾದರೆ, ಅದನ್ನು ಕೊಳ್ಳುವವನಿಗೂ ಉಳಿತಾಯದ ಲಾಭ ಪಡೆಯುವವನಿಗೂ ಮಧ್ಯೆ ಒಂದು ದಾರಿ ಇರಬೇಕು. ಅದಿಲ್ಲದಿದ್ದರೆ ಆದೇಶ ಗೋಡೆ ಮೇಲಿನ ನೋಟಿಸ್ ಆಗಿ ಉಳಿಯುತ್ತೆ.

ಈಗ ವಾಪಸ್ ಬೆಂಗಳೂರಿಗೆ. ಕ್ಯಾಲ್ಕುಲೇಟರ್ ತೆಗೀರಿ.

ನಾಲ್ಕು ಜನರ ಮನೆ. ಒಬ್ಬೊಬ್ಬರು ದಿನಕ್ಕೆ ಐದು ಸಲ ಫ್ಲಶ್ ಅಂತಿಟ್ಟುಕೊಳ್ಳೋಣ, ಒಟ್ಟು 20. ಹಳೇ 10 ಲೀಟರ್ ಟ್ಯಾಂಕ್ ಆದರೆ ದಿನಕ್ಕೆ 200 ಲೀಟರ್. ಎರಡು ಬಟನ್‌ನ 6 ಮತ್ತು 3 ಲೀಟರ್ ಟ್ಯಾಂಕ್ ಆದರೆ, ನಾಲ್ಕು ದೊಡ್ಡದು 24 ಲೀಟರ್, ಹದಿನಾರು ಸಣ್ಣದು 48 ಲೀಟರ್, ಒಟ್ಟು 72. ಉಳಿತಾಯ ದಿನಕ್ಕೆ 128 ಲೀಟರ್, ತಿಂಗಳಿಗೆ ಸುಮಾರು 3,840 ಲೀಟರ್. ಬರೀ ಫ್ಲಶ್‌ನಿಂದ!

ಇದರ ಬೆಲೆ ಎಷ್ಟು? 2024ರಲ್ಲಿ ಕಾವೇರಿ ನೀರಿನ ಮೊದಲ ಸ್ಲ್ಯಾಬ್ ದರ 1,000 ಲೀಟರ್‌ಗೆ 7 ರೂಪಾಯಿ. 2014ರಿಂದ ಅದು ಬದಲಾಗಿರಲಿಲ್ಲ, 2025ರ ಏಪ್ರಿಲ್‌ನಲ್ಲಷ್ಟೇ ಸ್ವಲ್ಪ ಏರಿತು. 7 ರೂಪಾಯಿ ಲೆಕ್ಕದಲ್ಲಿ ತಿಂಗಳ ಉಳಿತಾಯ ಸುಮಾರು 27 ರೂಪಾಯಿ. ಎರಡು ಕಪ್ ಕಾಫಿ ಬರಲ್ಲ.

ಅದೇ ನೀರನ್ನು ಟ್ಯಾಂಕರ್‌ನಿಂದ ತರಿಸಿದರೆ? 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಮಿತಿ ಹಾಕಿತು. 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಅಂದರೆ 1,000 ಲೀಟರ್‌ಗೆ ಸುಮಾರು 83 ರೂಪಾಯಿ. ನಮ್ಮ ಉಳಿತಾಯ ತಿಂಗಳಿಗೆ 320 ರೂಪಾಯಿ. ಒಂದೇ ಊರು, ಒಂದೇ ಫ್ಲಶ್, ಒಂದೇ ನೀರು. ಒಬ್ಬರಿಗೆ 27, ಇನ್ನೊಬ್ಬರಿಗೆ 320. ಕಾವೇರಿ ಸಂಪರ್ಕ ಇರುವ ಹಳೇ ಬಡಾವಣೆಯವರಿಗೆ ಉಳಿಸೋಕೆ ಕಾರಣವೇ ಕಾಣಲ್ಲ. ಹೊರವಲಯದ ಟ್ಯಾಂಕರ್ ನಂಬಿದವರಿಗೆ ಪ್ರತಿ ಹನಿಯೂ ಬಿಲ್.

ಟ್ಯಾಂಕರ್ ಮನೆಗಳಲ್ಲೂ ಒಂದು ತೊಡಕಿದೆ. ನಾನು ಬಾಡಿಗೆಗಿರುವ ಕಟ್ಟಡದಲ್ಲಿ ಎಂಟು ಮನೆ, ಒಂದೇ ಮೀಟರ್. ನೀರಿಗೆ ಅಂತ ಮನೆಗೆ ತಿಂಗಳಿಗೆ 300 ರೂಪಾಯಿ. ನನ್ನ ಮನೆಯಲ್ಲಿ ನಾನೊಬ್ಬಳೇ, ಪಕ್ಕದ ಮನೆಯಲ್ಲಿ ಐದು ಜನ. ಇಬ್ಬರಿಗೂ 300. ಹಳೇ ಫ್ಲಶ್ ಟ್ಯಾಂಕ್ ಬದಲಿಸಿ ಕೊಡಿ ಅಂತ ಓನರ್ ಅಂಕಲ್‌ಗೆ ಕೇಳಿದೆ. "ಸೋರ್ತಿದ್ಯೇನಮ್ಮ?" ಅಂದರು. ಇಲ್ಲ ಅಂದೆ. "ಮತ್ತೆ ಯಾಕಮ್ಮ ಬದಲಿಸ್ಬೇಕು?" ಅಷ್ಟೇ, ಮಾತು ಮುಗೀತು.

ಸಿಟ್ಟು ಬಂತು, ನಿಜ. ಆದರೆ ಅವರ ಕಡೆಯ ಲೆಕ್ಕ ತಪ್ಪಲ್ಲ. ಟ್ಯಾಂಕ್ ಕೊಳ್ಳುವ ಖರ್ಚು ಅವರದ್ದು. ನೀರು ಉಳಿದರೆ ಲಾಭ ಎಂಟು ಮನೆಗೆ ಹರಿದು ಹಂಚಿಹೋಗುತ್ತೆ, ಯಾರ ಕಣ್ಣಿಗೂ ಕಾಣಲ್ಲ. ದೊಡ್ಡ ಅಪಾರ್ಟ್‌ಮೆಂಟ್‌ನಲ್ಲೂ ಇದೇ ಕಥೆ. ಫಿಟ್ಟಿಂಗ್ಸ್ ಆರಿಸೋದು ಬಿಲ್ಡರ್, ಬಿಲ್ ಕಟ್ಟೋದು ನಿವಾಸಿ. ಎಷ್ಟೋ ಕಡೆ ನೀರಿನ ಖರ್ಚು ಮೇಂಟೆನೆನ್ಸ್ ಒಳಗೆ ಚದರಡಿ ಲೆಕ್ಕದಲ್ಲಿ ಸೇರಿಹೋಗಿರುತ್ತೆ. ಉಳಿಸಿದವರಿಗೂ ಪೋಲು ಮಾಡಿದವರಿಗೂ ಒಂದೇ ಬಿಲ್.

ನಮ್ಮ ರಾಜ್ಯದಲ್ಲೇ ಬೇರೆ ಥರ ಮಾಡಿದ ಉದಾಹರಣೆ ಇದೆ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡ್‌ಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆ ಶುರುವಾಯ್ತು. ಹೊಸ ಪೈಪು, ಮನೆಮನೆಗೆ ಮೀಟರು, ಬಳಸಿದಷ್ಟಕ್ಕೆ ಬಿಲ್ಲು. ನೋಡಿ, ಲಂಡನ್‌ನ ಅದೇ ಹಳೇ ವ್ಯವಹಾರ: ನಿರಂತರ ನೀರು ಕೊಡ್ತೀವಿ, ಅಳತೆ ಒಪ್ಪಿಕೊಳ್ಳಿ. ಬಡವರ ಮನೆಗೆ ಬಿಲ್ ಹೊರೆಯಾಗಬಾರದು ಅನ್ನೋ ವಾದ ಆಗಲೂ ಇತ್ತು, ಇರಬೇಕಾದ್ದೇ. ಆದರೆ ಅಳತೆಯೇ ಇಲ್ಲದೆ ನ್ಯಾಯದ ಲೆಕ್ಕ ಹಾಕೋದು ಹೇಗೆ?

ಬೆಂಗಳೂರಿಗೆ ಇನ್ನೊಂದು ಅನುಭವವೂ ಇದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹ ಕಡ್ಡಾಯ ಮಾಡಿದರು. ಹಳೇ ಕಟ್ಟಡ ಆದರೆ 60-40 ಸೈಟಿನಿಂದ ಮೇಲಕ್ಕೆ, ಹೊಸದಾದರೆ 30-40ರಿಂದ ಮೇಲಕ್ಕೆ. ತುಂಬಾ ಮುಂದಾಲೋಚನೆಯ ಕಾನೂನು. ಅಳವಡಿಸದವರ ನೀರಿನ ಬಿಲ್‌ಗೆ ದಂಡ ಸೇರಿಸೋದೂ ಶುರುವಾಯ್ತು. ಎಷ್ಟೋ ಮನೆಯವರು ಏನು ಮಾಡಿದರು? ದಂಡ ಕಟ್ಟಿಕೊಂಡೇ ಇದ್ದುಬಿಟ್ಟರು. ನೀರಿನ ಬಿಲ್ಲೇ ಇಷ್ಟು ಕಡಿಮೆ ಇರುವಾಗ ಅದರ ಮೇಲಿನ ದಂಡ ಎಷ್ಟಾದೀತು? ಗುಂಡಿ ತೋಡಿಸಿ, ಪೈಪ್ ಹಾಕಿಸೋದಕ್ಕಿಂತ ದಂಡವೇ ಅಗ್ಗ. ಅದು ದಂಡ ಅಲ್ಲ, ಬಾಡಿಗೆ ಆಗಿಬಿಡ್ತು.

2024ರ ಮಾರ್ಚ್‌ನಲ್ಲೂ ಕಾರು ತೊಳೆಯೋಕೆ, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದರು. ಆ ತಿಂಗಳ ಕೊನೆ ವಾರದಲ್ಲಿ ಬಂದ ಸುದ್ದಿ: 22 ಮನೆಗಳಿಗೆ ದಂಡ, ಒಟ್ಟು 1.1 ಲಕ್ಷ ರೂಪಾಯಿ. ಕೋಟಿ ದಾಟಿದ ಜನಸಂಖ್ಯೆಯ ಊರಲ್ಲಿ 22 ಮನೆ. ಮನೆಮನೆ ಬಾಗಿಲಿಗೆ ಹೋಗಿ ನಲ್ಲಿ ನೋಡುವಷ್ಟು ಸಿಬ್ಬಂದಿ ಯಾವ ಊರಲ್ಲೂ ಇರಲ್ಲ.

ಹಾಗಾದರೆ ಅಂಗಡಿಯ ಶೆಲ್ಫ್ ಕಡೆ ಹೋಗೋಣ. ನಮ್ಮಲ್ಲಿ ಮಾನಕಗಳು ಇಲ್ಲವೇ ಇಲ್ಲ ಅಂತಲ್ಲ. ಭಾರತೀಯ ಮಾನಕ ಬ್ಯೂರೋ 2021ರಲ್ಲಿ ನೀರು ಉಳಿಸುವ ಕಮೋಡ್, ನಲ್ಲಿ, ಶವರ್‌ಗಳಿಗೆ ಐಎಸ್ 17650 ಅನ್ನೋ ಮಾನಕ ತಂತು. 2022ರಲ್ಲಿ ಕೇಂದ್ರ ಸಚಿವ ಹರ್ದೀಪ್ ಸಿಂಗ್ ಪುರಿ 'ಭಾರತ್ ಟ್ಯಾಪ್' ಅಂತ ಒಂದು ಯೋಜನೆ ಉದ್ಘಾಟಿಸಿದರು, ಕಡಿಮೆ ನೀರು ಬಿಡುವ ನಲ್ಲಿಗಳನ್ನು ದೇಶದಲ್ಲಿ ಹರಡಬೇಕು ಅಂತ. ಈ ಸಂಚಿಕೆಗಾಗಿ ನಾನು ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಸ್ಟಾರ್ ಇರೋ ನಲ್ಲಿ ತೋರಿಸಿ ಅಂದೆ. ಅಂಗಡಿಯವರು ನನ್ನನ್ನೇ ಒಂದು ಸಲ ನೋಡಿ, "ಸ್ಟಾರ್ ಇರೋದು ಫ್ರಿಜ್‌ಗೆ ಮೇಡಂ, ಅದು ಪಕ್ಕದ ಅಂಗಡಿ" ಅಂದರು.

ಅವರು ತಮಾಷೆಗೆ ಹೇಳಿದ್ದರಲ್ಲೇ ಪಾಠ ಇದೆ. ಫ್ರಾಸ್ಟ್-ಫ್ರೀ ಫ್ರಿಜ್‌ಗೆ, ಎಸಿಗೆ ಸ್ಟಾರ್ ಲೇಬಲ್ 2010ರಿಂದ ಕಡ್ಡಾಯ. ನಿಮ್ಮ ಮನೆಗೆ ಯಾವತ್ತಾದರೂ ಫ್ರಿಜ್ ಇನ್‌ಸ್ಪೆಕ್ಟರ್ ಬಂದಿದ್ದಾರಾ? ಬಂದಿಲ್ಲ, ಬರಬೇಕಾಗೂ ಇಲ್ಲ. ಹಳ್ಳಿಯ ಅಜ್ಜಿಗೂ ಗೊತ್ತು ಎಷ್ಟು ಸ್ಟಾರ್ ಇದ್ದರೆ ಕರೆಂಟ್ ಬಿಲ್ ಎಷ್ಟು ಅಂತ. ಯಾಕಂದ್ರೆ ಪ್ರತಿ ಮನೆಗೂ ಕರೆಂಟ್ ಮೀಟರ್ ಇದೆ. ಲೇಬಲ್ ಮತ್ತು ಮೀಟರ್ ಜೋಡೆತ್ತಿನ ಹಾಗೆ, ಒಂದೇ ಎಳೆದರೆ ಗಾಡಿ ಓಡಲ್ಲ.

ಹೊರದೇಶದ ನಿಯಮವನ್ನು ಹಾಗೇ ನಕಲು ಮಾಡಿದರೂ ಆಗಲ್ಲ. ಮೂರು ಕಾರಣ ಹೇಳ್ತೀನಿ.

ಒಂದು, ಒತ್ತಡ. ಅಮೆರಿಕದ ನಲ್ಲಿ ಲೆಕ್ಕಗಳೆಲ್ಲ ಹೆಚ್ಚಿನ ಒತ್ತಡದ ನೀರಿಗೆ ಮಾಡಿದ್ದು. ನೀರು 10 ಮೀಟರ್ ಮೇಲಿಂದ ಇಳಿದರೆ ಸುಮಾರು 1 ಬಾರ್ ಒತ್ತಡ. ನಮ್ಮ ಒಂದಂತಸ್ತಿನ ಮನೆಯಲ್ಲಿ ಟ್ಯಾಂಕ್ ತಾರಸಿ ಮೇಲೆ, ನಲ್ಲಿಯಿಂದ ಮೂರು-ನಾಲ್ಕು ಮೀಟರ್ ಎತ್ತರದಲ್ಲಿ. ಒತ್ತಡ ಅರ್ಧ ಬಾರ್ ಕೂಡ ಇಲ್ಲ. ಅಲ್ಲಿ ಬಿಗಿ ಏರಿಯೇಟರ್ ಹಾಕಿದರೆ ನೀರು ತೊಟ್ಟಿಕ್ಕುತ್ತೆ, ಜನ ಮಾರನೇ ದಿನ ಕಿತ್ತು ಬಿಸಾಡ್ತಾರೆ. ಎತ್ತರದ ಅಪಾರ್ಟ್‌ಮೆಂಟ್‌ನ ಕೆಳಗಿನ ಮಹಡಿಗಳಲ್ಲಿ, ಪ್ರೆಷರ್ ಪಂಪ್ ಇರುವ ಕಡೆ, ಹೋಟೆಲ್‌ಗಳಲ್ಲಿ ಅದೇ ಜಾಲರಿ ತುಂಬಾ ಉಳಿಸುತ್ತೆ. ಈ ಲೆಕ್ಕದಲ್ಲಿ 2024ರ ಆದೇಶ ಅಪಾರ್ಟ್‌ಮೆಂಟ್, ಹೋಟೆಲ್‌ಗಳ ಕಡೆ ಬೊಟ್ಟು ಮಾಡಿದ್ದು ಸರಿಯಾದ ಜಾಗವೇ.

ಎರಡು, ಬಕೆಟ್. ನಾವು ಅರ್ಧಕ್ಕರ್ಧ ಜನ ಇನ್ನೂ ಬಕೆಟ್ ಚೊಂಬಿನಲ್ಲೇ ಸ್ನಾನ ಮಾಡೋರು. ಬಕೆಟ್ ತುಂಬಿಸುವ ನಲ್ಲಿಗೆ ಏರಿಯೇಟರ್ ಹಾಕಿದರೆ ಒಂದು ಲೀಟರ್ ಕೂಡ ಉಳಿಯಲ್ಲ, ತುಂಬೋಕೆ ಹೊತ್ತು ಜಾಸ್ತಿ ಹಿಡಿಯುತ್ತೆ ಅಷ್ಟೇ. ಉಳಿಯೋದು ನೀರು ಹರಿಯುತ್ತಾ ಇರುವ ಕಡೆ: ವಾಷ್ ಬೇಸಿನ್, ಅಡುಗೆಮನೆ ಸಿಂಕ್, ಶವರ್.

ಮೂರು, ಗಡಸು ನೀರು. ಬೋರ್‌ವೆಲ್ ನೀರಿನ ಸುಣ್ಣ ಕೆಲವೇ ತಿಂಗಳಲ್ಲಿ ಜಾಲರಿಯನ್ನು ಕಟ್ಟಿಹಾಕುತ್ತೆ. ಬಿಚ್ಚಿ, ಒಂದು ರಾತ್ರಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಸಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಸರಿಹೋಗುತ್ತೆ. ಆದರೆ ಇದನ್ನ ಆದೇಶದ ಜೊತೆ ಹೇಳಿಕೊಡಬೇಕಲ್ವಾ? ಹೇಳದಿದ್ದರೆ "ಏರಿಯೇಟರ್ ಹಾಕಿದ್ಮೇಲೆ ನೀರೇ ಬರಲ್ಲ" ಅನ್ನೋ ಮಾತು ಬೀದಿಗೆಲ್ಲ ಹರಡುತ್ತೆ. ಅಮೆರಿಕದಲ್ಲಿ ಮೊದಲ ತಲೆಮಾರಿನ ಟಾಯ್ಲೆಟ್ ಕೆಡಿಸಿದ ಹೆಸರನ್ನು ಸರಿಮಾಡೋಕೆ ವರ್ಷಗಳೇ ಬೇಕಾದವು.

ಕೊನೆಗೆ ಮನೆಪಾಠ. ಮೂರೇ ಕೆಲಸ, ಮೊಬೈಲ್ ಸಾಕು.

ಮೊದಲನೇದು, ಒಂದು ಲೀಟರ್ ಬಾಟಲಿ ಹಿಡಿದು ನಲ್ಲಿ ಪೂರ್ತಿ ತಿರುಗಿಸಿ, ಸ್ಟಾಪ್‌ವಾಚ್ ಒತ್ತಿ. 60ನ್ನು ಬಂದ ಸೆಕೆಂಡುಗಳಿಂದ ಭಾಗಿಸಿ. 5 ಸೆಕೆಂಡಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್, ಆ ನಲ್ಲಿಗೆ ಏರಿಯೇಟರ್ ಬೇಕು. 15 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 4 ಲೀಟರ್, ಹಾಗೇ ಬಿಡಿ.

ಎರಡನೇದು, ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಸ್ವಲ್ಪ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಟ್ಯಾಂಕ್ ಸೋರ್ತಿದೆ ಅಂತರ್ಥ. ರಬ್ಬರ್ ವಾಷರ್ ಬದಲಿಸಿದರೆ ಸಾಕಾಗಬಹುದು.

ಮೂರನೇದು, ಮುಂದಿನ ಸಲ ಬಾಡಿಗೆ ಮನೆ ನೋಡೋಕೆ ಹೋದಾಗ, ಇಲ್ಲ ಅಪ್ಪ-ಅಮ್ಮ ಫ್ಲ್ಯಾಟ್ ನೋಡೋಕೆ ಹೋದಾಗ, ಪಾರ್ಕಿಂಗ್ ಕೇಳಿದ ಹಾಗೆ ಇದನ್ನೂ ಕೇಳಿ: ಈ ಮನೆಗೆ ಅಂತ ಪ್ರತ್ಯೇಕ ನೀರಿನ ಮೀಟರ್ ಇದೆಯಾ? ಹತ್ತು ಜನ ಕೇಳಿದರೆ ಬಿಲ್ಡರ್ ನಗ್ತಾನೆ. ಸಾವಿರ ಜನ ಕೇಳಿದರೆ ಬ್ರೋಷರ್‌ನಲ್ಲಿ ಹಾಕ್ತಾನೆ.

ನಿಮ್ಮ ನಲ್ಲಿ ಎಷ್ಟು ಸೆಕೆಂಡಲ್ಲಿ ಒಂದು ಲೀಟರ್ ತುಂಬಿತು, ನೀವು ಯಾವ ಊರು, ಎಷ್ಟನೇ ಮಹಡಿ ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಲೆಕ್ಕಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಪಾತ್ರೆ ತೊಳೀತಿದ್ದವರು ಈಗ ನಲ್ಲಿ ನಿಲ್ಲಿಸಬಹುದು.